ಅಗ್ಗದ ಗಿಟಾರ್ ಆಕಾರದ ಮಿಡಿ ಕಂಟ್ರೋಲರ್: ಆರು ತಿಂಗಳ ಅನುಭವ, ಜೊತೆಗೆ ಎರಡು ಪ್ರಶ್ನೆ

ತಂತಿಮನೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವಾದಾಗ ಓದಿ.

ನಮ್ಮಪ್ಪ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವ ತನಕ ರಾತ್ರಿ ಮನೆಯಲ್ಲಿ ಇರುತ್ತಿದ್ದುದೇ ಅಪರೂಪ. ಈಗ 68 ವರ್ಷ. ಬೆರಳಿನ ಗಂಟುಗಳಲ್ಲಿ ನೋವು. ಸ್ಟೀಲ್ ತಂತಿ ಒತ್ತಿ ಎರಡು ನಿಮಿಷ ಆಗುವಷ್ಟರಲ್ಲಿ ಗಿಟಾರ್ ಕೆಳಗಿಡುತ್ತಾರೆ. ಎಡಗೈಗೆ ಕಾರ್ಡ್ ಎಲ್ಲಾ ನೆನಪಿದೆ, ಒತ್ತುವ ಶಕ್ತಿ ಇಲ್ಲ.

ಹೋದ ದೀಪಾವಳಿಗೆ ಅಮೆರಿಕದಿಂದ ಬಂದ ಭಾವ ಒಂದು ಹಳೇ ಆಟದ ಗಿಟಾರ್ ತಂದರು. 2010ರಲ್ಲಿ ರಾಕ್ ಬ್ಯಾಂಡ್ 3 ಅನ್ನೋ ವಿಡಿಯೋ ಗೇಮ್‌ಗಾಗಿ ಮ್ಯಾಡ್ ಕ್ಯಾಟ್ಜ್ ಕಂಪನಿ ಮಾಡಿದ್ದ ಫೆಂಡರ್ ಮಸ್ಟಾಂಗ್ ಪ್ರೊ ಗಿಟಾರ್. ಆಗ ಹೊಸದಕ್ಕೆ 150 ಡಾಲರ್. ಅದರ ಕತ್ತಿನ ಮೇಲೆ ತಂತಿಯೇ ಇಲ್ಲ. 17 ಫ್ರೆಟ್, ಪ್ರತಿ ಫ್ರೆಟ್‌ಗೆ ಆರು ಬಟನ್, ಒಟ್ಟು 102. ಬಲಗೈ ಮೀಟುವ ಜಾಗದಲ್ಲಿ ಮಾತ್ರ ಆರು ಗಿಡ್ಡ ತಂತಿ. ಮಕ್ಕಳ ಆಟದ ಸಾಮಾನು ಅಂತ ಅಟ್ಟದ ಮೇಲೆ ಇಡಲು ಹೋದವನು, ಒರೆಸುವಾಗ ನೋಡಿದೆ. ಐದು ಪಿನ್ನಿನ ದುಂಡನೆಯ ಮಿಡಿ ಔಟ್ ಇತ್ತು! (ಮಿಡಿ ಅಂದರೆ ದನಿಯಲ್ಲ, ಯಾವ ಸ್ವರ ನುಡಿಸಿದೆ ಅನ್ನುವ ಸಂದೇಶವನ್ನು ಕಂಪ್ಯೂಟರ್‌ಗೆ ಕಳಿಸುವ ಭಾಷೆ.)

ಮಿಡಿಯಿಂದ ಯುಎಸ್‌ಬಿಗೆ ಹೋಗುವ ಒಂದು ಕೇಬಲ್ ತರಿಸಿ, ಬ್ಯಾಟರಿ ಹಾಕಿ, ಕಂಪ್ಯೂಟರ್‌ಗೆ ಚುಚ್ಚಿದೆ. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದು ಒಂದು ನೈಲಾನ್ ಗಿಟಾರ್ ದನಿ ಹಾಕಿ ಅಪ್ಪನ ಕೈಗೆ ಕೊಟ್ಟೆ. ಅವರು ಏನೂ ಕೇಳಲಿಲ್ಲ. ಸುಮ್ನೆ ಜಿ ಕಾರ್ಡ್ ಹಿಡಿದು ಮೇಲಿಂದ ಕೆಳಗೆ ಎಳೆದರು. ಆಮೇಲೆ ಸಿ, ಆಮೇಲೆ ಡಿ. ರಬ್ಬರ್ ಬಟನ್ ಒತ್ತಲು ಹಾರ್ಮೋನಿಯಂ ಮನೆಯಷ್ಟೂ ಬಲ ಬೇಕಿಲ್ಲ. ಅರ್ಧ ಗಂಟೆ ನುಡಿಸಿದರು. ಅವರು ಅಷ್ಟು ಹೊತ್ತು ನುಡಿಸಿದ್ದನ್ನು ನಾನು ನೋಡಿ ನಾಲ್ಕು ವರ್ಷ ಆಗಿತ್ತು.

ಆಮೇಲೆ ಆರು ತಿಂಗಳಲ್ಲಿ ಒಂಬತ್ತು ಹಾಡಿಗೆ ಹಿನ್ನೆಲೆ ರೆಕಾರ್ಡ್ ಮಾಡಿದ್ದೇವೆ. ಎರಡು ಕಡೆ ಸಿಕ್ಕಿಕೊಂಡಿದ್ದೇವೆ.

ಒಂದು, ಮೀಟಿದ ಮೇಲೆ ದನಿ ಬರುವುದು ಸ್ವಲ್ಪ ತಡ. ಅಪ್ಪ "ಹಿಂದೆ ಹಿಂದೆ ಬರ್ತಿದೆ" ಅನ್ನುತ್ತಾರೆ.

ಎರಡು, ಬಟನ್ ಅಂದಮೇಲೆ ತಂತಿ ಎಳೆಯಲು ಆಗುವುದಿಲ್ಲ. ಕಾರ್ಡ್‌ಗೆ ತೊಂದರೆ ಇಲ್ಲ, ಹಾಡಿನ ಎಳೆ ನುಡಿಸಿದರೆ ಸ್ವರಗಳು ಕಲ್ಲು ಜೋಡಿಸಿದ ಹಾಗೆ ಕೇಳುತ್ತವೆ. ಇದಕ್ಕೆ ಯಾರಾದರೂ ದಾರಿ ಕಂಡುಕೊಂಡಿದ್ದೀರಾ?

ಕರಿಮನೆ ಬಿಳಿಮನೆ

ಅಪ್ಪನ ವಿಷಯ ಓದಿ ಖುಷಿಯಾಯಿತು. ಒಂದು ಪ್ರಾಮಾಣಿಕ ಪ್ರಶ್ನೆ. 25 ಮನೆಯ ಚಿಕ್ಕ ಕೀಬೋರ್ಡ್ ಎಲ್ಲಾ ಕಡೆ ಸಿಗುತ್ತದೆ, ರಿಪೇರಿಯೂ ಸುಲಭ. ದನಿ ಹೇಗಿದ್ದರೂ ಕಂಪ್ಯೂಟರ್‌ದೇ. ಹಾಗಿದ್ದಮೇಲೆ ಗಿಟಾರ್ ಆಕಾರವೇ ಯಾಕೆ ಬೇಕು?

ತಂತಿಮನೆ, ದಾವಣಗೆರೆ

ನನ್ನ ಹತ್ತಿರ ಕೀಬೋರ್ಡೂ ಇದೆ. ಅದಕ್ಕೇ ವ್ಯತ್ಯಾಸ ಗೊತ್ತಾಯಿತು.

ಕೀಬೋರ್ಡ್‌ನಲ್ಲಿ ಜಿ ಮೇಜರ್ ಹಿಡಿದರೆ ಮೂರು ಸ್ವರ, ಒಂದೇ ಅಂಗೈ ಅಗಲದಲ್ಲಿ, ಒಟ್ಟಿಗೆ ಬೀಳುತ್ತವೆ. ಅಪ್ಪ ಹಿಡಿಯುವ ಜಿ ಹಾಗಿಲ್ಲ. ಮಿಡಿಯಲ್ಲಿ ಒಂದೊಂದು ಸ್ವರಕ್ಕೆ ಒಂದು ಸಂಖ್ಯೆ, ಅದರದು ದಪ್ಪ ತಂತಿಯಿಂದ ಸಣ್ಣ ತಂತಿಗೆ 43, 47, 50, 55, 59, 67. ಸರಿಯಾಗಿ ಎರಡು ಸ್ಥಾಯಿ ಹರಡಿಕೊಂಡಿದೆ. ಕೆಳಗಡೆ ಒತ್ತೊತ್ತಾಗಿದೆ, 59ರಿಂದ 67ಕ್ಕೆ ಒಂದು ದೊಡ್ಡ ಕಂದಕ. ಆ ಕಂದಕ ಇರುವುದರಿಂದಲೇ ಅದು ಗಿಟಾರ್ ಅಂತ ಕಿವಿಗೆ ಗೊತ್ತಾಗುವುದು. ಕೀಬೋರ್ಡ್ ಮುಂದೆ ಕೂತಾಗ ಆ ಜೋಡಣೆ ನನ್ನ ಕೈಗೆ ತಾನಾಗಿ ಬರುವುದೇ ಇಲ್ಲ.

ಇನ್ನೊಂದು, ರೀಪರ್‌ನ ಪಿಯಾನೋ ರೋಲ್‌ನಲ್ಲಿ (ಸ್ವರಗಳನ್ನು ಗೆರೆಗಳಾಗಿ ತೋರಿಸುವ ಕಿಟಕಿ) ಅಪ್ಪ ನುಡಿಸಿದ್ದನ್ನು ದೊಡ್ಡದು ಮಾಡಿ ನೋಡಿ. ಆರು ಸ್ವರಗಳು ಒಂದೇ ಗೆರೆಯಲ್ಲಿ ಶುರುವಾಗುವುದಿಲ್ಲ. ಓರೆಯಾಗಿ, ಮೆಟ್ಟಿಲಿನ ಹಾಗೆ ನಿಲ್ಲುತ್ತವೆ. ಕೆಳಗೆ ಎಳೆದಾಗ ಮೆಟ್ಟಿಲು ಏರುತ್ತದೆ, ಮೇಲಕ್ಕೆ ಎಳೆದಾಗ ಇಳಿಯುತ್ತದೆ. ಮೇಲಕ್ಕೆ ಎಳೆಯುವಾಗ ಅವರು ಮೂರು ಅಥವಾ ನಾಲ್ಕೇ ತಂತಿ ಮುಟ್ಟುತ್ತಾರೆ. ಇದನ್ನು ಮೌಸ್ ಹಿಡಿದು ಮಾಡಲು ನಾನು ಹಿಂದೆ ಒಂದು ಹಾಡಿಗೆ ಎರಡು ಸಂಜೆ ಕೂತಿದ್ದೇನೆ. ಆದರೂ ಸತ್ತ ಹಾಗೇ ಕೇಳಿತ್ತು.

ಬರೆಯುವ ಕೈ ಗಿಟಾರಿನದಾದರೆ ಬರಹವೂ ಗಿಟಾರಿನ ಹಾಗೇ ಇರುತ್ತದೆ, ಅಲ್ವಾ? ಅದೇ ಸ್ವರಗಳನ್ನು ಆಮೇಲೆ ವೈಬ್ರಫೋನ್‌ಗೋ ಪಿಟೀಲುಗಳ ಗುಂಪಿಗೋ ಕೊಟ್ಟರೂ ಆ ಹರವು ಉಳಿಯುತ್ತದೆ. ಅದು ನನಗೆ ತುಂಬಾ ಇಷ್ಟ.

ಕರಿಮನೆ ಬಿಳಿಮನೆ

59ರಿಂದ 67ರ ಕಂದಕ ಇರುವ ಆ ಪೂರ್ತಿ ಜಿ ಕಾರ್ಡ್ ಈಗ ನುಡಿಸಿ ನೋಡಿದೆ. ಒಪ್ಪಿದೆ. ಎರಡು ಕೈ ಬೇಕಾಯಿತು.

ಬಫರ್ 128

ತಡದ ಬಗ್ಗೆ. ಮೊದಲು ಎರಡು ಬಗೆಯ ಯಂತ್ರಗಳನ್ನು ಬೇರೆ ಮಾಡಿಕೊಳ್ಳೋಣ.

ನಿಜವಾದ ಗಿಟಾರಿಗೆ ಪಿಕಪ್ ಹಾಕಿ ಮಿಡಿ ಮಾಡುವ ವ್ಯವಸ್ಥೆಗಳು ತಂತಿಯ ಕಂಪನ ಕೇಳಿಸಿಕೊಂಡು ಸ್ವರ ಯಾವುದು ಅಂತ ಲೆಕ್ಕ ಹಾಕಬೇಕು. ದಪ್ಪ ಇ ತಂತಿ ಸೆಕೆಂಡಿಗೆ 82.4 ಸಲ ಕಂಪಿಸುತ್ತದೆ. ಒಂದು ಸುತ್ತಿಗೇ 12 ಮಿಲಿಸೆಕೆಂಡ್ ಆಯಿತು. ನಂಬಿಕೆಯಿಂದ ಹೇಳಲು ಒಂದಕ್ಕಿಂತ ಜಾಸ್ತಿ ಸುತ್ತು ಬೇಕು. ಸಣ್ಣ ಇ ತಂತಿಗೆ ಸುತ್ತು 3 ಮಿಲಿಸೆಕೆಂಡ್ ಅಷ್ಟೇ. ಅದಕ್ಕೇ ಅಂಥವುಗಳಲ್ಲಿ ಕೆಳಗಿನ ತಂತಿ ಯಾವಾಗಲೂ ಎಳೆದಾಡುತ್ತದೆ.

ನಿಮ್ಮದರಲ್ಲಿ ಈ ಲೆಕ್ಕವೇ ಇಲ್ಲ. ಯಾವ ಬಟನ್ ಒತ್ತಿದೆ, ಯಾವ ತಂತಿ ಮೀಟಿದೆ, ಮುಗಿಯಿತು. ಐದು ಪಿನ್ನಿನ ಮಿಡಿ ತಂತಿಯ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಸ್ವರದ ಸಂದೇಶಕ್ಕೆ ಸುಮಾರು 1 ಮಿಲಿಸೆಕೆಂಡ್. ಆರು ತಂತಿ ಎಳೆದರೂ 6. ಕೈ ಎಳೆಯಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಹಾಗಾಗಿ ನಿಮ್ಮ ತಡ ಗಿಟಾರಿನಲ್ಲಿ ಇರಲಾರದು.

ಕಂಪ್ಯೂಟರ್‌ನಲ್ಲಿ ಹುಡುಕಿ. ಬಫರ್ (ಕಂಪ್ಯೂಟರ್ ದನಿಯನ್ನು ಒಂದು ಸಲಕ್ಕೆ ಎಷ್ಟು ಕೂಡಿಟ್ಟು ಕಳಿಸುತ್ತದೆ ಅನ್ನುವ ಅಳತೆ) 1024 ಇದ್ದರೆ, 44,100 ಸ್ಯಾಂಪಲ್ ದರದಲ್ಲಿ ಒಂದೇ ಕಡೆಗೆ 23 ಮಿಲಿಸೆಕೆಂಡ್. 128 ಮಾಡಿದರೆ 3ರ ಹತ್ತಿರ. ವಿಂಡೋಸ್ ಆದರೆ ದನಿಯ ತಡ ಕಮ್ಮಿ ಮಾಡುವ ಆಸಿಯೋ ಡ್ರೈವರ್ ಬಳಸಿ. ಆಡಿಯೋ ಇಂಟರ್‌ಫೇಸ್ ಇಲ್ಲದಿದ್ದರೆ ಆಸಿಯೋ4ಆಲ್ ಉಚಿತವಾಗಿ ಸಿಗುತ್ತದೆ.

ಒಂದು ಮಾತು ಕೇಳಲೇಬೇಕು. ಅಪ್ಪ ಯಾವುದರಲ್ಲಿ ಕೇಳಿಸಿಕೊಳ್ಳುತ್ತಾರೆ?

ತಂತಿಮನೆ, ದಾವಣಗೆರೆ

ಬ್ಲೂಟೂತ್ ಹೆಡ್‌ಫೋನ್.

ಬಫರ್ 128

ಸಿಕ್ಕಿತು. ಬ್ಲೂಟೂತ್‌ನಲ್ಲಿ 100 ಮಿಲಿಸೆಕೆಂಡ್ ಮೀರುವುದು ಮಾಮೂಲು. ಹಾಡು ಕೇಳಲು ತೊಂದರೆ ಇಲ್ಲ, ನುಡಿಸಲು ಆಗುವುದೇ ಇಲ್ಲ. ವೈರ್ ಇರುವ ಸಾದಾ ಹೆಡ್‌ಫೋನ್ ಹಾಕಿ ನೋಡಿ, ಇವತ್ತೇ.

ತಂತಿಮನೆ, ದಾವಣಗೆರೆ

ಹಾಕಿದೆ. ಬಫರ್ 128 ಮಾಡಿದೆ. ಅಪ್ಪ ತಲೆ ಎತ್ತಿ ನನ್ನ ಮುಖ ನೋಡಿ "ಈಗ ಸರಿ" ಅಂದರು. ಆರು ತಿಂಗಳು ಅವರು ಆ ತಡಕ್ಕೆ ಹೊಂದಿಕೊಂಡು, ತಾಳಕ್ಕಿಂತ ಮುಂಚೆ ಮೀಟುವುದನ್ನು ಅಭ್ಯಾಸ ಮಾಡಿಕೊಂಡಿದ್ದರಂತೆ. ನನಗೆ ಹೇಳಿಯೇ ಇರಲಿಲ್ಲ. ತುಂಬಾ ಧನ್ಯವಾದ.

ಡಲ್ಲಾಸ್ ಕನ್ನಡಿಗ

ಇಲ್ಲಿ ಹಳೇ ಸಾಮಾನಿನ ಅಂಗಡಿಗಳಲ್ಲಿ ಈ ಗಿಟಾರ್‌ಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಹುಡುಕುವವರಿಗೆ ಒಂದು ಗುಟ್ಟು. ಗೇಮ್‌ಗೆ ಬೇಕಾದ ಪುಟ್ಟ ಯುಎಸ್‌ಬಿ ರಿಸೀವರ್ ಕಳೆದುಹೋಗಿದ್ದರೆ ಗೇಮ್ ಆಡುವವರು ಮುಟ್ಟುವುದಿಲ್ಲ, ಬೆಲೆ ತೀರಾ ಇಳಿದಿರುತ್ತದೆ. ಸಂಗೀತಕ್ಕೆ ಆ ರಿಸೀವರ್ ಬೇಕಾಗಿಯೇ ಇಲ್ಲ, ಮಿಡಿ ಔಟ್ ಸಾಕು. ಮ್ಯಾಡ್ ಕ್ಯಾಟ್ಜ್ 2017ರಲ್ಲಿ ದಿವಾಳಿ ಅರ್ಜಿ ಹಾಕಿತು, ಹಾಗಾಗಿ ಹೊಸದು ಹುಡುಕಬೇಡಿ.

ಕೊಳ್ಳುವ ಮುಂಚೆ ಬ್ಯಾಟರಿ ಡಬ್ಬಿ ತೆರೆದು ನೋಡಿ. ಒಳಗೆ ಹಸಿರು ಕಿಲುಬು ಇದ್ದರೆ ಬೇಡ. ಆಮೇಲೆ ಒಂದೊಂದು ಬಟನ್ ಒತ್ತಿ ನೋಡಿ. 102 ಅಂದರೆ ಹತ್ತು ನಿಮಿಷದ ಕೆಲಸ, ಬೇಜಾರು ಮಾಡಿಕೊಳ್ಳಬೇಡಿ.

ಇದೇ ಕಾಲದ ಇನ್ನೊಂದು ಯು ರಾಕ್ ಗಿಟಾರ್. ಅದಕ್ಕೆ ಯುಎಸ್‌ಬಿಯೂ ಇದೆ, ವ್ಯಾಮಿ ಬಾರ್, ಅಂದರೆ ಒತ್ತಿ ಸ್ವರ ಬಗ್ಗಿಸುವ ಕೋಲು, ಕೂಡ ಇದೆ. ಸಿಕ್ಕರೆ ಬಿಡಬೇಡಿ.

ಹಳೇ ಆರ್ಕೆಸ್ಟ್ರಾ

ಗಿಟಾರ್ ಆಕಾರದ ಮಿಡಿ ಕಂಟ್ರೋಲರ್ ಹೊಸ ವಿಷಯ ಅಂದುಕೊಂಡವರಿಗೆ ಒಂದು ಮಾತು. ಕ್ಯಾಸಿಯೋ 1987ರಲ್ಲೇ ಡಿಜಿ-20 ಅಂತ ತಂದಿತ್ತು. ಆರೂ ಪ್ಲಾಸ್ಟಿಕ್ ತಂತಿ, ಶ್ರುತಿ ಮಾಡುವ ಗೊಡವೆಯೇ ಇಲ್ಲ, ಒಳಗೇ 20 ದನಿ, ಮಿಡಿ ಔಟ್. ಅದಕ್ಕೂ ಮುಂಚೆ ಬಂದಿದ್ದ ಸಿಂಥ್‌ಆಕ್ಸ್ ಅನ್ನೋ ಗಿಟಾರ್ ಆಕಾರದ ಕಂಟ್ರೋಲರ್ ತೀರಾ ದುಬಾರಿ. ಅಲನ್ ಹೋಲ್ಡ್ಸ್‌ವರ್ತ್ ಅನ್ನೋ ಹೆಸರಾಂತ ಗಿಟಾರ್ ವಾದಕರು ಅದನ್ನು ತುಂಬಾ ನುಡಿಸಿದ್ದರು. ಇವತ್ತು ಅದೇ ಯೋಚನೆ ಹಳೇ ಸಾಮಾನಿನ ಬೆಲೆಗೆ ಸಿಗುತ್ತಿದೆ ಅಂದರೆ ನಮ್ಮ ಕಾಲದವರಿಗೆ ನಂಬುವುದು ಕಷ್ಟ.

ನಿಮ್ಮಪ್ಪನಿಗೆ ನನ್ನ ನಮಸ್ಕಾರ ಹೇಳಿ.

ಎಸ್‌ಪಿ ರೋಡ್ ಸಂಜೆ

ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ, ಆದರೆ ಸುತ್ತು ದಾರಿ.

ನನ್ನದು ಇನ್ನೂ ಅಗ್ಗದ ಯಂತ್ರ. ಗಿಟಾರ್ ಹೀರೋ ಆಟದ ಐದು ಬಟನ್ನಿನ ಗಿಟಾರ್, ಗುಜರಿಯಲ್ಲಿ ಸಿಕ್ಕಿದ್ದು. ಇದಕ್ಕೆ ಮಿಡಿ ಇಲ್ಲ. ಬಿಚ್ಚಿ ನೋಡಿದರೆ ಒಳಗೆ ಭಯಪಡುವಂಥದ್ದು ಏನೂ ಇಲ್ಲ. ಐದು ಫ್ರೆಟ್ ಬಟನ್ ಅಂದರೆ ಐದು ಸಾದಾ ಸ್ವಿಚ್. ಮೀಟುವ ಪಟ್ಟಿಗೆ ಎರಡು ಸ್ವಿಚ್, ಮೇಲಕ್ಕೊಂದು ಕೆಳಕ್ಕೊಂದು. ವ್ಯಾಮಿ ಬಾರ್ ಅಂದರೆ ಒಂದು ಪೊಟೆನ್ಶಿಯೋಮೀಟರ್, ರೇಡಿಯೋ ವಾಲ್ಯೂಮ್‌ನಲ್ಲಿ ಇರುವಂಥದ್ದು.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಪ್ರೊ ಮೈಕ್ರೋ ಬೋರ್ಡ್ ತಂದೆ. ಕೋಡ್ ಬರೆದು ಓಡಿಸುವ ಆರ್ಡುಯಿನೋ ಜಾತಿಯ ಪುಟ್ಟ ಬೋರ್ಡ್, ಒಳಗಿರುವುದು ಎಟಿಮೆಗಾ 32ಯು4 ಚಿಪ್. ಆ ಚಿಪ್ಪೇ ಯಾಕೆ ಅಂದರೆ ಅದು ನೇರವಾಗಿ ಯುಎಸ್‌ಬಿ ಮಿಡಿ ಸಾಧನದಂತೆ ಕಾಣಿಸಿಕೊಳ್ಳುತ್ತದೆ. ಊನೋ ಬೋರ್ಡ್ ಹಾಗೆ ಸುಲಭವಾಗಿ ಮಾಡುವುದಿಲ್ಲ, ತಂದು ಬೇಸರಪಡಬೇಡಿ. ಸ್ವಿಚ್‌ಗಳ ಒಂದು ಕಾಲು ಗ್ರೌಂಡಿಗೆ, ಇನ್ನೊಂದು ಪಿನ್ನಿಗೆ. ಒಳಗಿನ ಪುಲ್‌ಅಪ್ ಆನ್ ಮಾಡಿದರೆ ರೆಸಿಸ್ಟರ್ ಕೂಡ ಬೇಡ. ಮಿಡಿಯುಎಸ್‌ಬಿ ಅನ್ನೋ ಲೈಬ್ರರಿ ಉಚಿತ.

ಐದೇ ಬಟನ್‌ನಲ್ಲಿ ಏನು ನುಡಿಸುವುದು ಅಂತ ಒಂದು ವಾರ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು. ಮೋಹನ ರಾಗಕ್ಕೆ ಐದೇ ಸ್ವರ! ಸ ರಿ ಗ ಪ ದ. ಮಿಡಿಯಲ್ಲಿ 60, 62, 64, 67, 69. ಪಟ್ಟಿ ಕೆಳಗೆ ಒತ್ತಿದರೆ ಮಧ್ಯ ಸ್ಥಾಯಿ, ಮೇಲಕ್ಕೆ ಎತ್ತಿದರೆ ತಾರ ಸ್ಥಾಯಿ.

ಇಲ್ಲಿಂದ ಮುಂದೆ ಇನ್ನೂ ಚೆನ್ನಾಗಿದೆ. ಬಟನ್ ಒಂದನ್ನೂ ಬದಲಿಸದೆ, ಹಿಂದೆ ಓಡುವ ತಂಬೂರಿಯ ಶ್ರುತಿಯನ್ನು ಮಾತ್ರ ಎರಡನೇ ಬಟನ್ನಿನ ಸ್ವರಕ್ಕೆ ಇಟ್ಟರೆ ಮಧ್ಯಮಾವತಿ. ಮೂರನೆಯದಕ್ಕೆ ಇಟ್ಟರೆ ಹಿಂದೋಳ. ನಾಲ್ಕಕ್ಕೆ ಶುದ್ಧ ಸಾವೇರಿ. ಐದಕ್ಕೆ ಶುದ್ಧ ಧನ್ಯಾಸಿ. ಸ್ವರಗಳು ಅವೇ ಇದ್ದು ಷಡ್ಜ ಬದಲಾದಾಗ ರಾಗವೂ ಬದಲಾಗುವ ಇದನ್ನು ಗ್ರಹಭೇದ ಅಂತ ಪುಸ್ತಕದಲ್ಲಿ ಓದಿದ್ದೆ. ಅದು ಬೆರಳಿಗೆ ಗೊತ್ತಾಗಿದ್ದು ಈ ಪ್ಲಾಸ್ಟಿಕ್ ಗಿಟಾರ್ ಹಿಡಿದ ಮೇಲೆ. ನನ್ನ ಹತ್ತು ವರ್ಷದ ಮಗಳು ಶ್ರುತಿ ಬದಲಾದಾಗಲೆಲ್ಲ "ಈಗ ಯಾವ ರಾಗ ಬಂತು" ಅಂತ ಕೇಳುತ್ತಾಳೆ.

ವೀಣೆ ಮೆಟ್ಟಿಲು, ಮೈಸೂರು

ಐದು ಬಟನ್, ಐದು ರಾಗ. ಓದಿ ಕುಳಿತಲ್ಲೇ ವೀಣೆ ತೆಗೆದುಕೊಂಡು ನುಡಿಸಿ ನೋಡಿದೆ. ತುಂಬಾ ಚೆನ್ನಾಗಿದೆ.

ಆದರೆ ಒಂದು ವಿಷಯ ಬಿಟ್ಟುಹೋಗಬಾರದು. ಸ್ವರಸ್ಥಾನ ಹೊಂದಿದ ಮಾತ್ರಕ್ಕೆ ಅದು ಹಿಂದೋಳ ಆಗುವುದಿಲ್ಲ. ವೀಣೆಗೂ ಮೆಟ್ಟಿಲುಗಳಿವೆ, 24. ಆದರೂ ನಾವು ಪ್ರತಿ ಸ್ವರಕ್ಕೂ ಅದರದರ ಮೆಟ್ಟಿಲಿಗೆ ಹೋಗುವುದಿಲ್ಲ. ರಿಷಭದ ಮೆಟ್ಟಿಲಲ್ಲಿ ನಿಂತು ತಂತಿ ಪಕ್ಕಕ್ಕೆ ಎಳೆದು ಗಾಂಧಾರ ತೆಗೆಯುತ್ತೇವೆ. ಒಂದೇ ಮೀಟಿನಲ್ಲಿ ಮೂರು ನಾಲ್ಕು ಸ್ವರ ಹರಿಯುತ್ತದೆ. ಮ್ಯಾಂಡೋಲಿನ್ ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೋಲಿನ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಿ ತೋರಿಸಿದ್ದರು. ಅವರ ಬೆರಳಿಗೂ ಎಳೆಯಲು ತಂತಿ ಇತ್ತು.

ಬಟನ್‌ನಲ್ಲಿ ಜಾರು, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಹೇಗೆ? ಕಂಪಿತ, ಅಂದರೆ ಸ್ವರವನ್ನು ಅಲುಗಾಡಿಸುವುದು, ಹೇಗೆ? ಅದಕ್ಕೆ ಉತ್ತರ ಇದ್ದರೆ ನಾನೂ ಒಂದು ಮಾಡಿಸಿಕೊಳ್ಳುತ್ತೇನೆ. ವಿದ್ಯಾರ್ಥಿಗಳಿಗೆ ಗ್ರಹಭೇದ ತೋರಿಸಲು ಬೇಕು.

ಎಸ್‌ಪಿ ರೋಡ್ ಸಂಜೆ

ಜಾರು ಸುಲಭ. ಸರ್ಜ್ ಎಕ್ಸ್‌ಟಿ ಅಂತ ಉಚಿತ ಸಿಂಥ್, ಅಂದರೆ ದನಿ ಹುಟ್ಟಿಸುವ ಸಾಫ್ಟ್‌ವೇರ್, ಇದೆ. ಅದರಲ್ಲಿ ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ಮೋನೋ ಆಯ್ಕೆ ಹಾಕಿ, ಜೊತೆಗೆ ಸಿಂಗಲ್ ಟ್ರಿಗರ್ ಮತ್ತು ಫಿಂಗರ್ಡ್ ಪೋರ್ಟಮೆಂಟೋ. ಹಿಂದಿನ ಬಟನ್ ಬಿಡದೆ ಮುಂದಿನದು ಒತ್ತಿದರೆ ದನಿ ಜಾರಿಕೊಂಡು ಹೋಗುತ್ತದೆ, ಹೊಸದಾಗಿ ಮೀಟಿದ ಸದ್ದು ಬರುವುದಿಲ್ಲ. ಬೆರಳು ಎತ್ತಿ ಒತ್ತಿದರೆ ಬಿಡಿ ಸ್ವರ. ಎಷ್ಟು ಬೇಗ ಜಾರಬೇಕು ಅನ್ನುವುದನ್ನು ಕಿವಿಯಿಂದಲೇ ಹೊಂದಿಸಿಕೊಳ್ಳಿ.

ಕಂಪಿತಕ್ಕೆ ವ್ಯಾಮಿ ಬಾರ್. ಆಟದಲ್ಲಿ ಬಾರ್ ಒತ್ತಿದರೆ ಸ್ವರ ಇಳಿಯುತ್ತದೆ. ನಮಗೆ ಬೇಕಾದದ್ದು ಉಲ್ಟಾ, ಯಾಕೆಂದರೆ ತಂತಿ ಎಳೆದರೆ ಸ್ವರ ಏರುತ್ತದೆ. ಮಿಡಿಯಲ್ಲಿ ಸ್ವರ ಬಗ್ಗಿಸುವ ಪಿಚ್ ಬೆಂಡ್ ಸಂದೇಶದ ಸಂಖ್ಯೆ 0ಯಿಂದ 16383, ನಡುವೆ 8192. ಬಾರ್ ಸುಮ್ಮನಿದ್ದಾಗ 8192, ಪೂರ್ತಿ ಒತ್ತಿದಾಗ 16383 ಅಂತ ಕೋಡ್ ಬರೆದೆ. ಸಾಮಾನ್ಯವಾಗಿ ಸಿಂಥ್‌ಗಳಲ್ಲಿ ಅದು ಎರಡು ಸ್ವರಸ್ಥಾನದಷ್ಟು ಏರುತ್ತದೆ. ಷಡ್ಜದಿಂದ ಚತುಶ್ರುತಿ ರಿಷಭ. ಜಾಸ್ತಿ ಎಳೆಯಬೇಕಾದರೆ ಸಿಂಥ್‌ನಲ್ಲಿ ಆ ಮಿತಿ 5ಕ್ಕೋ 7ಕ್ಕೋ ಏರಿಸಿ.

ಒಂದು ತೊಡಕು ಬಂತು. ಬಾರ್ ಮುಟ್ಟದಿದ್ದರೂ ಸ್ವರ ಸಣ್ಣಗೆ ನಡುಗುತ್ತಿತ್ತು. ಪೊಟೆನ್ಶಿಯೋಮೀಟರ್ ಓದು 0ಯಿಂದ 1023ರವರೆಗೆ ಬರಬೇಕು, ಆದರೆ ಬಾರ್ ತಿರುಗುವುದು ಸ್ವಲ್ಪವೇ, ಹಾಗಾಗಿ ನನ್ನದರಲ್ಲಿ 498ರಿಂದ 760 ಮಾತ್ರ. ಸುಮ್ಮನಿದ್ದಾಗಲೂ 498, 501, 499 ಅಂತ ಓಲಾಡುತ್ತದೆ. 510ರ ಕೆಳಗೆ ಏನು ಬಂದರೂ 8192 ಎಂದೇ ಕಳಿಸು ಅಂತ ಒಂದು ಸಾಲು ಸೇರಿಸಿದೆ. ನಡುಕ ನಿಂತಿತು. ನಿಮ್ಮ ಗಿಟಾರಿನ ಸಂಖ್ಯೆ ಬೇರೆ ಇರುತ್ತದೆ, ಮೊದಲು ಅಳೆದುಕೊಳ್ಳಿ.

ತಂತಿಮನೆಯವರೇ, ನಿಮ್ಮ ಮಸ್ಟಾಂಗ್‌ಗೆ ಈ ಬಾರ್ ಒಂದನ್ನೇ ಹೊರಗಿನಿಂದ ಕಟ್ಟಬಹುದು. ಅದು ಬೇರೆ ಯುಎಸ್‌ಬಿ ಸಾಧನವಾಗಿ ಪಿಚ್ ಬೆಂಡ್ ಮಾತ್ರ ಕಳಿಸಲಿ. ರೀಪರ್‌ನಲ್ಲಿ ಎರಡನ್ನೂ ಒಂದೇ ಟ್ರ್ಯಾಕಿಗೆ ಬಿಡಿ.

ಬಫರ್ 128

ಇದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಗಿಟಾರ್ ಮಿಡಿಯಲ್ಲಿ ಒಂದೊಂದು ತಂತಿಗೆ ಒಂದೊಂದು ಚಾನೆಲ್ (ಮಿಡಿ ಸಂದೇಶ ಹೋಗುವ ಬೇರೆ ಬೇರೆ ದಾರಿ) ಕೊಡುವ ಪದ್ಧತಿ ಇದೆ. ಪಿಚ್ ಬೆಂಡ್ ಅನ್ನುವುದು ಇಡೀ ಚಾನೆಲ್ಲಿಗೆ ತಗಲುವಂಥದ್ದು. ಸ್ವರ 3ನೇ ಚಾನೆಲ್‌ನಲ್ಲಿ ಬಂದು, ಬಾರ್ 1ನೇ ಚಾನೆಲ್‌ನಲ್ಲಿ ಕಳಿಸಿದರೆ ಏನೂ ಆಗುವುದಿಲ್ಲ. ಹಾಡಿನ ಎಳೆ ನುಡಿಸುವಾಗ ಎಲ್ಲವನ್ನೂ 1ನೇ ಚಾನೆಲ್‌ಗೆ ತಿರುಗಿಸಿಬಿಡಿ. ಕಾರ್ಡ್‌ಗೆ ವಾಪಸ್ ಬರುವಾಗ ಬಾರ್ ಮುಟ್ಟಬೇಡಿ, ಆರೂ ಸ್ವರ ಒಟ್ಟಿಗೆ ಏರಿಬಿಡುತ್ತವೆ.

ಹಾಸನದ ಹೊಸಬ

ನನ್ನ ಹತ್ತಿರ ಎಲೆಕ್ಟ್ರಿಕ್ ಗಿಟಾರ್ ಇದೆ, ಆಡಿಯೋ ಇಂಟರ್‌ಫೇಸ್ ಇದೆ. ನಾನೂ ಇಂಥದ್ದು ಹುಡುಕಲಾ?

ಬಫರ್ 128

ಬೇಡ, ಈಗಲೇ ದುಡ್ಡು ಹಾಕಬೇಡಿ. ಜ್ಯಾಮ್ ಒರಿಜಿನ್ ಅವರ ಮಿಡಿ ಗಿಟಾರ್ ಅನ್ನೋ ಸಾಫ್ಟ್‌ವೇರ್ ಇರುವ ಗಿಟಾರಿನ ದನಿಯನ್ನೇ ಮಿಡಿ ಮಾಡುತ್ತದೆ, ಕಾರ್ಡ್ ಸಮೇತ. ಮೊದಲು ಅದನ್ನು ನೋಡಿ. ತಂತಿ ಎಳೆದರೆ ಬೆಂಡ್ ಕೂಡ ಬರುತ್ತದೆ. ಕೆಳಗಿನ ತಂತಿಯ ತಡ ಮತ್ತು ಆಗಾಗ ಬರುವ ತಪ್ಪು ಸ್ವರ ನಿಮಗೆ ಸಹಿಸಲು ಆಗುವುದಿಲ್ಲ ಅಂದರೆ ಆಗ ಬಟನ್ ಗಿಟಾರ್ ಕಡೆ ಬನ್ನಿ.

ಕರಿಮನೆ ಬಿಳಿಮನೆ

ಒಂದು ಸಣ್ಣ ವಿಷಯ. ತೀರಾ ಅಗ್ಗದ ಮಿಡಿ ಕೇಬಲ್ ತಂದು ನಾನು ಒದ್ದಾಡಿದ್ದೇನೆ. ಸ್ವರ ನಿಲ್ಲಿಸು ಅನ್ನುವ ಸಂದೇಶ ದಾರಿಯಲ್ಲೇ ಕಳೆದುಹೋಗಿ ಸ್ವರ ಕೂಗುತ್ತಲೇ ಇರುತ್ತಿತ್ತು. ಅವಸರಕ್ಕೆ ಕಂಟ್ರೋಲ್ ಸಂದೇಶ 123 ಕಳಿಸಿ, ಎಲ್ಲಾ ಸ್ವರ ನಿಲ್ಲುತ್ತದೆ. ನಾನು ಅದನ್ನು ಒಂದು ಬಟನ್ನಿಗೆ ಕೊಟ್ಟುಕೊಂಡಿದ್ದೇನೆ.

ತಂತಿಮನೆ, ದಾವಣಗೆರೆ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಬಾರ್ ಕಟ್ಟಿದೆವು.

ಎಸ್‌ಪಿ ರೋಡ್ ಸಂಜೆಯವರು ಕೆಟ್ಟುಹೋದ ಒಂದು ಗಿಟಾರಿನ ಬಾರ್ ಬಿಚ್ಚಿ ಕೊರಿಯರ್‌ನಲ್ಲಿ ಕಳಿಸಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ಮಸ್ಟಾಂಗ್‌ನ ಬಲಗಡೆ, ಆರು ಗಿಡ್ಡ ತಂತಿಗಳ ಕೆಳಗೆ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಸ್ಕ್ರೂ ಹಾಕಿ ಕೂರಿಸಿದೆ. ಅಪ್ಪ ಪ್ಲೆಕ್ಟ್ರಮ್ ಹಿಡಿದೇ ಕಿರುಬೆರಳಿನಿಂದ ಒತ್ತುವಷ್ಟು ಹತ್ತಿರ. ಮೊದಲು ಎರಡು ಇಂಚು ದೂರ ಇತ್ತು, ಕೈ ಹೋಗುತ್ತಿರಲಿಲ್ಲ, ಬಿಚ್ಚಿ ಮತ್ತೆ ಹಾಕಿದೆ. ಬಾರ್ ಸ್ಪ್ರಿಂಗ್ ಗಟ್ಟಿ ಇತ್ತು. ಬಾಲ್ ಪೆನ್ನಿನ ಸ್ಪ್ರಿಂಗ್ ಹಾಕಿದ ಮೇಲೆ ಬೆರಳು ಇಟ್ಟರೆ ಸಾಕು, ಇಳಿಯುತ್ತದೆ.

ಮೊದಲ ದಿನ ಅಪ್ಪ ಪ್ರತಿ ಸ್ವರಕ್ಕೂ ಬಾರ್ ಒತ್ತಿದರು. ಕೇಳಲು ಆಗಲಿಲ್ಲ. ಎರಡನೇ ವಾರಕ್ಕೆ ಬೇಕಾದ ಕಡೆ ಮಾತ್ರ ಒತ್ತತೊಡಗಿದರು. ನಿನ್ನೆ ರಾತ್ರಿ ತಂಬೂರಿ ಹಾಕಿಕೊಂಡು ಮೋಹನದಲ್ಲಿ ಹತ್ತು ನಿಮಿಷ ನುಡಿಸಿದರು, ನಾನು ರೆಕಾರ್ಡ್ ಒತ್ತಿದ್ದು ಅವರಿಗೆ ಗೊತ್ತಿಲ್ಲ. ಬೆಳಿಗ್ಗೆ ಕೇಳಿಸಿ, ಒಪ್ಪಿಗೆ ಪಡೆದು ಇಲ್ಲಿ ಹಾಕುತ್ತಿದ್ದೇನೆ. ನಡುವೆ ಕೇಳುವ ಟಕ್ ಟಕ್ ಬಟನ್‌ಗಳದು, ಕೋಣೆಯ ಮೈಕ್ ಆನ್ ಆಗಿತ್ತು.

ವೀಣೆ ಮೆಟ್ಟಿಲು ಅವರೇ, ಗಾಂಧಾರ ಕೇಳಿ ಹೇಳಿ.

ವೀಣೆ ಮೆಟ್ಟಿಲು, ಮೈಸೂರು

ಮೂರು ಸಲ ಕೇಳಿದೆ. ಗಾಂಧಾರ ಚೆನ್ನಾಗಿ ಬಂದಿದೆ. ಧೈವತಕ್ಕೆ ಬಾರ್ ಇನ್ನೂ ಕಮ್ಮಿ ಒತ್ತಲಿ, ಅರ್ಧದಲ್ಲೇ ಬಿಡಲಿ, ಮುಂದಿನ ಷಡ್ಜ ಮುಟ್ಟುವ ಹಾಗೆ ಆಗುತ್ತಿದೆ. ನಾಲ್ಕನೇ ನಿಮಿಷದಲ್ಲಿ ಪಂಚಮದಿಂದ ಗಾಂಧಾರಕ್ಕೆ ಇಳಿಯುವಾಗ ಬಟನ್ ಬಿಡದೆ ಜಾರಿದ್ದಾರೆ, ಅದನ್ನು ಹಾಗೇ ಇಟ್ಟುಕೊಳ್ಳಲು ಹೇಳಿ. ಆ ಟಕ್ ಟಕ್ ತೆಗೆಯಬೇಡಿ.